ಹಸಿ ಸುಣ್ಣ

ತಮ್ಮ ತೀರಿಕೊಂಡ ಸುದ್ದಿ ಬಂದ ಮಂಗಳವಾರ ಬೂದೆಪ್ಪ ದೇವದುರ್ಗದಲ್ಲಿ ಬೀರಪ್ಪನ ಗುಡಿಯ ಪೌಳಿ ಗೋಡೆಗೆ ಸುಣ್ಣ ಹಚ್ಚುತ್ತಿದ್ದ. ವರ್ಷಕ್ಕೊಮ್ಮೆ ಮಾಡುವ ಸೇವೆ ಅದು. ಅರವತ್ತೆಂಟು ತುಂಬಿದ ಮೇಲೆ ಊರವರ ಮನೆಗಳಿಗೆ ಏಣಿ ಹತ್ತುವುದನ್ನು ಬಿಟ್ಟಿದ್ದರೂ ದೇವರ ಗೋಡೆಯನ್ನು ಬಿಟ್ಟಿರಲಿಲ್ಲ. ಅಂಗಿಯ ಜೇಬಿನಲ್ಲಿ ಫೋನು ಬಡಿದುಕೊಂಡಾಗ ಅವನು ಏಣಿಯ ಆರನೆಯ ಮೆಟ್ಟಿಲ ಮೇಲಿದ್ದ, ಗೋಡೆಯ ನಡುಮಧ್ಯದಲ್ಲಿದ್ದ. ಸುಣ್ಣದ ಗೋಡೆಯನ್ನು ಅರ್ಧಕ್ಕೆ ಬಿಡುವಂತಿಲ್ಲ. ಬಿಟ್ಟರೆ ಒದ್ದೆಯ ಅಂಚು ಒಣಗಿ ಗೆರೆ ನಿಲ್ಲುತ್ತದೆ. ಆಮೇಲೆ ಮೂರು ಕೈ ಹಚ್ಚಿದರೂ ಆ ಗೆರೆ ಹೋಗುವುದಿಲ್ಲ. ಫೋನು ಬಡಿದು ಬಡಿದು ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಬಡಿಯಿತು. ಮೂರನೆಯ ಸಲ ಬಡಿದಾಗ ಅವನಿಗೆ ಸಿಟ್ಟೇ ಬಂತು, ದೇವರ ಕೆಲಸದಲ್ಲಿ ಇದೇನು ಕಿರಿಕಿರಿ ಎಂದು. ಮೂಲೆಯ ತನಕ ಹಚ್ಚಿ, ಕೆಳಗಿಳಿದು, ಕುಂಚವನ್ನು ನೀರಿಗೆ ಹಾಕಿ, ಕೈ ತೊಳೆದು, ಹೊಸ್ತಿಲಿಗೆ ನಮಸ್ಕಾರ ಮಾಡಿ, ನೆರಳಿಗೆ ಬಂದು ಫೋನು ತೆಗೆದ. ಮೂರು ಕರೆಗಳಿದ್ದವು. ಮೊದಲನೆಯದು ಬೀರೇಶನದು, ಹತ್ತು ಗಂಟೆ ಎಂಟು ನಿಮಿಷಕ್ಕೆ. ಇನ್ನೆರಡು ಯಾವುದೋ ಗುರುತಿಲ್ಲದ ನಂಬರಿನವು. ಅವನು ಬೀರೇಶನಿಗೇ ತಿರುಗಿ ಮಾಡಿದ. ಎತ್ತಿದ ದನಿ ಬೀರೇಶನದಲ್ಲ.

"ಈ ಫೋನಿನವ್ರು ನಿಮಗೇನಾಗಬೇಕ್ರಿ?"

"ನನ್ನ ತಮ್ಮ. ಯಾರ್ ನೀವು? ಅವ ಎಲ್ಲಿದ್ದಾನ?"

ಆ ಕಡೆ ಬಸ್ಸಿನ ಹಾರ್ನು ಕೇಳಿಸಿತು. "ಯಜಮಾನ್ರ, ನಿಮ್ಮ ಬಾಜೂಕ ಯಾರರೆ ಗಟ್ಟಿ ಮನುಷ್ಯಾರು ಇದ್ರ ಜರಾ ಅವರ ಕೈಯಾಗ ಫೋನ್ ಕೊಡ್ರಿ."

"ನಾನs ಗಟ್ಟಿ ಅದೀನಿ. ಹೇಳ್ರಿ," ಅಂದ ಬೂದೆಪ್ಪ. ಆದರೆ ಹೀಗೆ ಅನ್ನುತ್ತಿರುವಾಗಲೇ ಅವನ ಕೈ ಫೋನನ್ನು ಪೂಜಾರಿ ವಿರೂಪಣ್ಣನ ಕಡೆಗೆ ಚಾಚಿತ್ತು. ವಿರೂಪಣ್ಣ ಹೂಂ ಅನ್ನುತ್ತ, ಹೂಂ ಅನ್ನುತ್ತ, ಕೊನೆಗೆ ಫೋನನ್ನು ಮೆಲ್ಲಗೆ ಕೆಳಗಿಳಿಸಿದ. ಅವನ ಮುಖ ನೋಡಲಾರದೆ ಬೂದೆಪ್ಪ ಗೋಡೆಯನ್ನು ನೋಡಿದ. ಈಗಷ್ಟೇ ಹಚ್ಚಿದ ಸುಣ್ಣ ಇನ್ನೂ ಹಸಿಯಾಗಿತ್ತು, ಕೆಳಗಿನ ಹಳೆಯ ಕಲೆಗಳೆಲ್ಲ ಕಾಣುತ್ತಿದ್ದವು. ಗೆರೆ ಎಲ್ಲಿಯೂ ಬಿದ್ದಿರಲಿಲ್ಲ. ಅದನ್ನು ಗಮನಿಸಿದ್ದಕ್ಕಾಗಿ ಆಮೇಲೆ ಎಷ್ಟೋ ದಿನ ಅವನು ತನ್ನನ್ನು ತಾನೇ ಹಳಿದುಕೊಂಡ.

ಮಾನ್ವಿಯ ಬಸ್ ನಿಲ್ದಾಣದಲ್ಲಿ ಕಚೇರಿಗೆ ಹೊರಟಿದ್ದ ಬೀರೇಶ ಕಲ್ಲುಬೆಂಚಿನ ಮೇಲೆ ಕುಳಿತವನು ಹಾಗೆಯೇ ವಾಲಿದ್ದನಂತೆ. ಎದೆ ಒಡೆದಿತ್ತು ಎಂದರು. ನಲವತ್ತೊಂದು ವರ್ಷ, ಅವ್ವನ ಕಡೆಯ ಕೂಸು. ಮದುವೆಯಾಗಿರಲಿಲ್ಲ, ಆಗೆಂದು ಹೇಳಿ ಹೇಳಿ ಎಲ್ಲರೂ ಸುಮ್ಮನಾಗಿದ್ದರು. ಊರ ಹೊರಗಿನ ಹೊಲದಲ್ಲಿ ಅಪ್ಪನ ಪಕ್ಕಕ್ಕೆ ಮಣ್ಣು ಮಾಡಿದರು. ಮೂರನೆಯ ದಿನ ಗುಂಡಿಗೆ ಹಾಲು ತುಪ್ಪ ಬಿಟ್ಟು ಬರುವಾಗ ಬೂದೆಪ್ಪ ಹೆಂಡತಿಯನ್ನು ಕೇಳಿದ, "ಹತ್ತು ಎಂಟಕ್ಕ ಮಾಡ್ಯಾನ ನೋಡು. ಯಾಕ ಮಾಡಿದ್ನೋ?" ಬಂಡೆಮ್ಮ ಸೆರಗಿನಿಂದ ಮೂಗೊರೆಸಿಕೊಂಡು, "ಅಣ್ಣಗ ಫೋನ್ ಮಾಡಾಕ ಯಾಕ ಅಂಬೋದು ಬೇಕೇನು," ಅಂದಳು. ಅವನಿಗೆ ಬೇಕಿತ್ತು. ಬೀರೇಶ ಕಾರಣವಿಲ್ಲದೆ ಅಣ್ಣನಿಗೆ ಫೋನು ಮಾಡಿದವನಲ್ಲ. ಎದೆ ಹಿಂಡಿದಾಗ ಮಾಡಿದನೋ, ಅದಕ್ಕೂ ಮೊದಲು ಬೇರೇನನ್ನೋ ಹೇಳಲು ಮಾಡಿದನೋ? ಎತ್ತಿದ್ದರೆ ಅವನು ಅಣ್ಣಾ ಅನ್ನುತ್ತಿದ್ದ. ಅಷ್ಟಾದರೂ ಕೇಳಿಸುತ್ತಿತ್ತು. ಅಥವಾ ಎತ್ತಿದ್ದರೂ ಬರೀ ಉಸಿರು ಕೇಳಿಸುತ್ತಿತ್ತೇನೋ. ಹೀಗೆ ಒಂದನ್ನು ಹಿಡಿದರೆ ಇನ್ನೊಂದು ಜಾರುತ್ತಿತ್ತು. ದೇವರ ಮುಂದೆ ಕುಳಿತರೆ ಭಂಡಾರದ ಬಟ್ಟಲಿನ ಅರಿಶಿನದ ಹಳದಿಯಲ್ಲಿಯೂ ಹತ್ತು ಎಂಟು ಎಂಬ ಅಂಕಿಗಳೇ ಕಾಣುತ್ತಿದ್ದವು.

ಒಂಬತ್ತನೆಯ ದಿನ ಮಾನ್ವಿಯಲ್ಲಿ ತಮ್ಮ ಬಾಡಿಗೆಗಿದ್ದ ಖೋಲಿಯನ್ನು ಖಾಲಿ ಮಾಡಲು ಹೊರಟ. ಸತ್ತವನು ಇದ್ದ ಜಾಗಕ್ಕೆ ಸುಣ್ಣ ಹಚ್ಚಿ, ದೀಪ ಇಟ್ಟು, ಆಮೇಲೆ ಹನ್ನೊಂದರ ಕಾರ್ಯ ಮಾಡಬೇಕು. ಹಾಗೆ ಮಾಡದಿದ್ದರೆ ಜೀವ ಅಲ್ಲಿಯೇ ಬಾಗಿಲ ಬಳಿ ಸುಳಿದಾಡುತ್ತದೆ ಎಂದು ಅವನ ಅವ್ವ ಹೇಳುತ್ತಿದ್ದಳು. ಊರ ಮನೆಗೆ ಹಚ್ಚಿಯಾಗಿತ್ತು. ಉಳಿದದ್ದು ಆ ಖೋಲಿ. ಸುಣ್ಣದ ಹರಳು, ಗೋಂದು, ನಾರಿನ ಕುಂಚಗಳನ್ನೆಲ್ಲ ಕೈಚೀಲಕ್ಕೆ ಹಾಕಿ, ಬಕೆಟ್ಟು ಹಿಡಿದು ಬಸ್ಸು ಹತ್ತಿದ. ದೇವದುರ್ಗದ ಬೋಳು ಹೊಲಗಳು ಮುಗಿದು ಕಾಲುವೆಯ ಸೀಮೆ ಬಂದ ಕೂಡಲೇ ಕಿಟಕಿಯ ತುಂಬ ಭತ್ತದ ಹಸಿರು ನಿಂತಿತು. ಹಸಿರನ್ನು ಕಂಡರೆ ಅವನಿಗೆ ಮಾನ್ವಿಯ ಆ ಅಕ್ಕಿ ಸಾಹುಕಾರನ ಮನೆ ನೆನಪಾಗುತ್ತದೆ. ಬೀರೇಶನಿಗೆ ಆಗ ಹದಿನಾರು, ಅಣ್ಣನ ಹಿಂದೆ ಕೆಲಸಕ್ಕೆ ಬಂದಿದ್ದ. ಎರಡು ಡಬ್ಬಿ ಕಲಸಿಟ್ಟಿದ್ದರು, ಗೋಡೆಯ ಬುಡದ ಪಟ್ಟಿಗೆ ಕೆಮ್ಮಣ್ಣು, ಕಟ್ಟೆಗೆ ಹಸಿರು. ಬೂದೆಪ್ಪ ಊಟ ಮುಗಿಸಿ ಬರುವಷ್ಟರಲ್ಲಿ ಮನೆಯ ಮುಂದಿನ ಬುಡವೆಲ್ಲ ಹಸಿರಾಗಿತ್ತು. ಸಾಹುಕಾರ ನಕ್ಕ. ಮಾಳಿಗೆಯ ಮೇಲಿದ್ದ ಅವನ ಹೆಂಡತಿ ನಕ್ಕಳು. "ಏನಪಾ ಬೂದೆಪ್ಪ, ನಮ್ಮ ಮನೀನ ದರ್ಗಾ ಮಾಡಾಕತ್ತೀಯೇನು?" ಅಂದ ಸಾಹುಕಾರ. ಬೂದೆಪ್ಪ ಕುಂಚದ ಹಿಡಿಯಿಂದಲೇ ಬಾರಿಸಿದ್ದ, ಬೆನ್ನಿಗೆ, ತೋಳಿಗೆ, ಮತ್ತೊಮ್ಮೆ ಬೆನ್ನಿಗೆ. ಹುಡುಗ ಅಳಲಿಲ್ಲ. "ಎರಡೂ ಒಂದs ಅದಾವಲ್ಲಣ್ಣ," ಅಂದಿದ್ದ. ಎದುರು ಮಾತಾಡುತ್ತಾನೆಂದು ಇನ್ನೊಂದು ಏಟು ಬಿದ್ದಿತ್ತು. ಅದಾದ ಮೇಲೆ ಬೀರೇಶ ಕುಂಚ ಮುಟ್ಟಲಿಲ್ಲ, ಪುಸ್ತಕ ಹಿಡಿದ, ಸರ್ಕಾರಿ ನೌಕರಿ ಹಿಡಿದ. ಆ ಹೊಡೆತವೇ ಇವನನ್ನು ಮನುಷ್ಯನನ್ನಾಗಿ ಮಾಡಿತು ನೋಡ್ರಿ ಎಂದು ಬೂದೆಪ್ಪ ಎಷ್ಟು ಮಂದಿಯ ಮುಂದೆ, ಬೀರೇಶನ ಎದುರಿನಲ್ಲಿಯೇ, ಹೇಳಿಕೊಂಡಿದ್ದನೋ ಲೆಕ್ಕವಿಲ್ಲ. ಬೀರೇಶ ಪ್ರತಿ ಸಲವೂ ತಲೆ ತಗ್ಗಿಸಿ ನಗುತ್ತಿದ್ದ.

ಖೋಲಿಯ ಮಾಲಕಿ ಸುಗ್ರಾ ಬೇಗಂ ಬಾಗಿಲಲ್ಲಿಯೇ ಕಾಯುತ್ತಿದ್ದಳು. ಬಕೆಟ್ಟನ್ನೂ ಕುಂಚವನ್ನೂ ನೋಡಿ ಹಣೆ ಹಣೆ ಬಡಿದುಕೊಂಡಳು. "ಭಾಯಿ, ಇದೇನ್ರೀ ನೀವು? ದುಃಖದಾಗ ಬಂದವ್ರು ಮಂದಿ ಗೋಡಿಗೆ ಸುಣ್ಣ ಹಚ್ಚತೀರೇನು? ನಾ ಪೇಂಟ್ ಮಾಡಸ್ತೀನಿ ಬಿಡ್ರಿ."

"ಇದು ನಿಮ್ಮ ಗೋಡಿಗಲ್ಲವ್ವ, ಅವನ ಸಲುವಾಗಿ."

ಅವಳು ಬಾಗಿಲಿನಿಂದ ಪಕ್ಕಕ್ಕೆ ಸರಿದು, "ಹಂಗಂದ್ರ ಹಚ್ಚರಿ. ಮೊದಲು ಚಹಾ ಕುಡೀರಿ," ಅಂದಳು. "ಭಾಳ ಒಳ್ಳೇವ್ರಿದ್ರು. ಆದ್ರ ದಿನಾ ಸಂಜಿ ಮುಂದ ಥರ್ಮಾಕೋಲ್ ಕೊಯ್ಯೋರು. ನನ್ನ ಅಂಗಳದ ತುಂಬ ಬಿಳಿ ಕಾಳು. ಕೋಳಿ ಅಕ್ಕಿ ಅಂತ ತಿಂದು ತಿಂದು..." ನಗು ಬಂದದ್ದಕ್ಕೆ ನಾಚಿ ಅವಳು ಬಾಯಿಗೆ ದುಪಟ್ಟಾ ಒತ್ತಿಕೊಂಡು ಒಳಗೆ ಹೋದಳು.

ಸುಣ್ಣ ಕುದಿದು ಆರಿದ ಮೇಲೆ ಗೋಂದು ಕಲಸಿ ನಾಲ್ಕು ಗೋಡೆಗೂ ಹಚ್ಚಿದ. ಮಂಚ ಎಳೆದು, ಕಪಾಟು ಸರಿಸಿ, ಕೊನೆಗೆ ಕಿಟಕಿಯ ಕೆಳಗಿನ ಮೇಜಿನ ಮೇಲಿದ್ದ ಹಳೆಯ ಪಂಚೆಯನ್ನು ಎತ್ತಿದ. ಅದರಡಿ ಒಂದು ಊರೇ ಇತ್ತು. ಅಂಗೈಯಗಲದ, ಮೊಳದುದ್ದದ ಕೋಣೆಗಳು, ಬಿಡಿಬಿಡಿಯಾಗಿ ಹನ್ನೆರಡು ತುಂಡು, ಯಾವುದಕ್ಕೂ ಸೂರಿಲ್ಲ. ಕಲ್ಲಿನ ಗೋಡೆಗಳು, ಒಡೆದ ಕಂಬಗಳು, ಕಬ್ಬಿಣದ ಪಟ್ಟಿ ಬಡಿದ ಬಾಗಿಲುಗಳು, ಒಂದು ಬಾವಿ, ಕೆಳಕ್ಕೆ ಇಳಿಯುವ ಏಳು ಮೆಟ್ಟಿಲು. ಎಲ್ಲವೂ ಕಪ್ಪು, ಕಲ್ಲಿನ ಮೂಲೆಗಳಲ್ಲಿ ಮಾತ್ರ ಬೂದಿ ಉದುರಿದಂತೆ ಬೂದುಬಣ್ಣ. ಮುಟ್ಟಿದರೆ ಥರ್ಮಾಕೋಲಿನ ಹಗುರ. ನೋಡಿದರೆ ನೂರು ವರ್ಷ ಬೆಳಕು ಕಾಣದ ಕಲ್ಲು. ಇಂಥದ್ದೊಂದನ್ನು ಬೀರೇಶ ಒಮ್ಮೆ ಊರಿಗೆ ತಂದಿದ್ದ, ಆಟದ್ದಣ್ಣ, ರಾಯಚೂರಿನಾಗ ಐತವಾರ ನಾವು ಮೂರ್ ಮಂದಿ ಕೂತು ಆಡ್ತೀವಿ ಅಂದಿದ್ದ. "ಖರೇ ಮನಿ ಕಟ್ಟೋ ವಯಸ್ಸಿನ್ಯಾಗ ಆಟದ ಮನಿ ಕಟ್ಟಾಕತ್ತೀಯಲ್ಲಲೇ," ಎಂದು ಬೂದೆಪ್ಪ ನಗಾಡಿದ್ದ. ಬೀರೇಶ ಅದನ್ನು ಮೆಲ್ಲಗೆ ಚೀಲದೊಳಗೆ ಇಟ್ಟುಕೊಂಡಿದ್ದ. ಮೇಜಿನ ಅಂಚಿನಲ್ಲಿ ಬಣ್ಣದ ಪುಟ್ಟ ಸೀಸೆಗಳು ಸಾಲಾಗಿ ನಿಂತಿದ್ದವು. ಪ್ರತಿಯೊಂದರ ಮುಚ್ಚಳಕ್ಕೂ ಚೀಟಿ ಅಂಟಿಸಿ ಹೆಸರು ಬರೆದಿತ್ತು, ಬೀರೇಶನ ದುಂಡನೆಯ ಅಕ್ಷರದಲ್ಲಿ: ಕೆಂಪು, ಹಸಿರು, ಕಂದು. ಬಣ್ಣದವರ ಮನೆಯಲ್ಲಿ ಬೆಳೆದವನಿಗೆ ಕೆಂಪಿನ ಮೇಲೆ ಕೆಂಪು ಎಂದು ಬರೆದುಕೊಳ್ಳುವ ಗತಿ ಯಾಕೆ ಬಂತು? ಕಪ್ಪು, ಬಿಳಿ, ಬೂದು ಸೀಸೆಗಳ ಮೇಲೆ ಚೀಟಿ ಇರಲಿಲ್ಲ. ಬೂದೆಪ್ಪ ಒಂದು ಸೀಸೆಯನ್ನು ಎತ್ತಿ, ಇಟ್ಟು, ಇನ್ನೊಂದನ್ನು ಎತ್ತಿದ. ಏನೋ ಒಂದು ವಿಚಾರ ಅವನ ಹತ್ತಿರ ಬಂದು ನಿಂತಿತು. ಅವನು ಅದರ ಕಡೆ ತಿರುಗಲಿಲ್ಲ.

ಆ ಕಪ್ಪು ಕೋಣೆಗಳ ಒಂದರಲ್ಲಿಯೂ ದೀಪದ ಗೂಡಿರಲಿಲ್ಲ. ಅವನು ಬಗ್ಗಿ ಒಂದೊಂದನ್ನೂ ಮತ್ತೆ ನೋಡಿದ. ಸಾಯುವ ಹಿಂದಿನ ದಿನದ ತನಕ ತಮ್ಮ ತನ್ನ ಕೈಯಾರೆ ಕಟ್ಟಿದ ಮನೆ ಇದು. ಹಾಗಾದರೆ ಈಗ ಅವನು ಇರುವುದು ಎಲ್ಲಿ? ಈ ಏಳು ಮೆಟ್ಟಿಲು ಇಳಿದು ಹೋದನೇ? ಇದು ಹುಚ್ಚು ವಿಚಾರ ಎಂದು ಗೊತ್ತಿತ್ತು. ಗೊತ್ತಿದ್ದರೂ ಕೈಗೆ ಗೊತ್ತಿರಲಿಲ್ಲ. ಬಕೆಟ್ಟಿನಲ್ಲಿ ಸುಣ್ಣ ಉಳಿದಿತ್ತು. ಕಿಟಕಿಯ ಸಂದಿಗೆಂದು ತಂದ ಚಿಕ್ಕ ಕುಂಚವನ್ನು ಅದ್ದಿ ಮೊದಲ ಕೋಣೆಗೆ ಒಂದು ಕೈ ಹಚ್ಚಿದ, ಆಮೇಲೆ ಎರಡನೆಯದಕ್ಕೆ. ಹಚ್ಚುವಾಗ ಬೀರಪ್ಪನ ಹೆಸರು ಹೇಳುತ್ತಿದ್ದ. ಸತ್ತವನ ಮನೆ ಅಂದ ಮೇಲೆ ಎಲ್ಲಾ ಮನೆಯೂ ಬಂತು. ಹನ್ನೆರಡೂ ತುಂಡುಗಳಿಗೆ, ಬಾವಿಯ ಒಳಗೋಡೆಗೆ, ಮೆಟ್ಟಿಲ ಸಂದಿಗಳಿಗೆ ಸಹ ಬಿಡದೆ ಹಚ್ಚಿದ. ಒಂಬತ್ತು ದಿನಗಳಲ್ಲಿ ಮೊದಲ ಸಲ ಹತ್ತು ಎಂಟು ಎಂಬ ಅಂಕಿ ಅವನನ್ನು ಅಷ್ಟು ಹೊತ್ತು ಬಿಟ್ಟಿತ್ತು.

ಕೊನೆಯ ತುಂಡನ್ನು ಹಿಡಿದಿದ್ದಾಗ ಫೋನು ಬಂತು. ಈ ಸಲ ಅವನು ಕುಂಚ ಬಿಸಾಕಿ ಎತ್ತಿದ.

"ಕಾಕಾ, ನಾನು ಗುಲ್ಫಶಾ. ಮಣ್ಣಿಗೆ ಬಂದಿದ್ನಲ್ರೀ, ಅಂಬರೀಶನ ಜೋಡಿ. ನಾವು ಬೀರೇಶ ಸರ್ ಜೋಡಿ ಆಡ್ತಿದ್ವಿ." ರಾಯಚೂರಿನ ಕಾಲೇಜಿನಲ್ಲಿ ಪಾಠ ಹೇಳುವ ಹುಡುಗಿ ಅದು, ಗುಂಡಿಯ ಬಳಿ ಎಲ್ಲರಿಗಿಂತ ದೂರ ನಿಂತು ಅತ್ತಿದ್ದಳು. "ಕಾಕಾ, ಅವರ ಮೇಜಿನ ಮ್ಯಾಲ ಒಂದು ಡಂಜನ್ ಅದ. ಅಂದ್ರ ನೆಲದ ಕೆಳಗಿನ ಕೋಟಿ ಇದ್ದಂಗ, ಕರೀ ಕಲ್ಲಿನ ಖೋಲಿಗಳು. ನಾಲ್ಕು ತಿಂಗಳು ಕೂತು ಮಾಡ್ಯಾರ. ಈ ಐತವಾರ ಅದರ ಮ್ಯಾಲ ಆಡಬೇಕಿತ್ತು. ಒಂದೇ ಒಂದು ಸಲ ಆಡಿ, ಆಮ್ಯಾಲ ನಿಮಗs ವಾಪಸ್ ಕೊಡ್ತೀವಿ. ಯಾರೂ ಮುಟ್ಟಿಲ್ಲಲ್ರೀ? ಬಣ್ಣ ಭಾಳ ನಾಜೂಕು ಇರ್ತದ."

ಬೂದೆಪ್ಪ ಮೇಜು ನೋಡಿದ. ಸುಣ್ಣ ಹಸಿಯಾಗಿತ್ತು. ಹಸಿ ಸುಣ್ಣ ನೀರಿನ ಹಾಗೆ. ಅದರಡಿ ಕಪ್ಪು ಕಪ್ಪಾಗಿಯೇ, ಬೂದು ಬೂದಾಗಿಯೇ ಕಾಣುತ್ತಿತ್ತು.

"ಅದ ಅದ," ಅಂದ. "ಹೆಂಗಿತ್ತೋ ಹಂಗs ಅದ. ನಾನs ತರ್ತೀನಿ ತಗೋ, ನೀವು ಬರಬ್ಯಾಡ್ರಿ."

ಹಸಿ ಸುಣ್ಣ ನೋಡಿ ಗೋಡೆ ಮುಗಿಯಿತು ಅನ್ನಬೇಡ, ಒಣಗಿದ ಮೇಲೆ ಬಾಯಿ ತೆರೆ. ಅಂಗಳದಲ್ಲಿ ಬೀರೇಶನನ್ನು ನಿಲ್ಲಿಸಿಕೊಂಡು ಈ ಮಾತನ್ನು ಕಲಿಸಿದವನು ಅವನೇ. ಸುಗ್ರಾ ಬೇಗಂ ಮತ್ತೊಮ್ಮೆ ಚಹಾದ ಬಸಿ ತಂದಿಡುವಷ್ಟರಲ್ಲಿ ಅಂಚುಗಳು ಬೆಳ್ಳಗಾಗತೊಡಗಿದ್ದವು. ನೋಡ ನೋಡುತ್ತ ಕಂಬ ಬೆಳ್ಳಗಾಯಿತು, ಬಾಗಿಲು ಬೆಳ್ಳಗಾಯಿತು, ಬಾವಿ ಬೆಳ್ಳಗಾಯಿತು. ನಾಲ್ಕು ತಿಂಗಳ ಕಲ್ಲು ಒಂದು ಗಳಿಗೆಯಲ್ಲಿ ಹಬ್ಬದ ಮುಂಚಿನ ಕೇರಿಯಂತೆ ಕುಳಿತಿತು. ಅವನು ಗಾಬರಿಯಿಂದ ಒದ್ದೆ ಬಟ್ಟೆ ಹಾಕಿ ಒರೆಸಿದ. ಗೋಂದು ಹಿಡಿದ ಸುಣ್ಣ ಬರಲಿಲ್ಲ. ಬಂದ ಕಡೆ ಕೆಳಗಿನ ಕಪ್ಪನ್ನೂ ಕಿತ್ತುಕೊಂಡು ಬಂತು. ಆಗ ನೆನಪಾದದ್ದು ಚೀಲದ ತಳದಲ್ಲಿದ್ದ ಥಿನ್ನರ್. ಐವತ್ತು ವರ್ಷ ಯಾವ ತಪ್ಪಾದರೂ ಅದರಿಂದಲೇ ಒರೆಸಿದ್ದ. ಬಟ್ಟೆಗೆ ಹಾಕಿ ಮೆಟ್ಟಿಲಿನ ಮೇಲೆ ಒತ್ತಿದ. ಮೆಟ್ಟಿಲು ಜೀವವಿದ್ದದ್ದರಂತೆ ಮುದುಡಿತು. ಅವನ ಬೆರಳುಗಳ ನಡುವೆಯೇ, ಸುಟ್ಟ ಹಪ್ಪಳದಂತೆ ಗುಳಿ ಬಿದ್ದು, ಏಳು ಮೆಟ್ಟಿಲು ಮೂರಾಗಿ, ಮೂರು ಒಂದು ಬಿಳಿಯ ಅಂಟು ಮುದ್ದೆಯಾಗಿ ನಿಂತಿತು. ಅವನು ಬಾಗಿಲ ಕಡೆ ನೋಡಿದ. ಯಾರೂ ಇರಲಿಲ್ಲ. ಮುದ್ದೆಯನ್ನು ಕರವಸ್ತ್ರದಲ್ಲಿ ಸುತ್ತಿ ಚೀಲದ ತಳಕ್ಕೆ ತುರುಕಿದ, ಕದ್ದವನಂತೆ.

ಹನ್ನೊಂದರ ದಿನ ಎಡೆ ಇಟ್ಟು ಎಲ್ಲರೂ ಹಿಂದೆ ಸರಿದು ನಿಂತಾಗ ಅವನು ಕಣ್ಣು ಮುಚ್ಚಿದ್ದ. ಕಾಗೆ ಮುಟ್ಟಿತು ಎಂದು ಮಂದಿ ಅಂದರು. ಅವನು ನೋಡಲಿಲ್ಲ. ಪ್ರಾರ್ಥನೆ ಮಾಡಬೇಕೆಂದು ಬಾಯಿ ತೆರೆದರೆ, ಹೆಂಗಿತ್ತೋ ಹಂಗs ಅದ ಎಂಬ ತನ್ನದೇ ಮಾತು ಅಡ್ಡ ನಿಂತಿತು. ಸುಳ್ಳಾಡಿದ ನಾಲಿಗೆಯಿಂದ ತಮ್ಮನಿಗೆ ಶಾಂತಿ ಬೇಡುವುದು ಹೇಗೆ? ಬೇಡದೆ ಇರುವುದಾದರೂ ಹೇಗೆ? ಬಂಡೆಮ್ಮ ಮೊಣಕೈಯಿಂದ ತಿವಿದಳು. "ಏನರೆ ಬೇಡ್ಕೋರಿ. ಮಂದಿ ನೋಡಾಕತ್ಯಾರ." ಅವನು ತುಟಿ ಅಲ್ಲಾಡಿಸಿದ, ಒಳಗೆ ಏನೂ ಇರಲಿಲ್ಲ.

ಐತವಾರ ರಾಯಚೂರಿನ ಬಸ್ಸಿನಲ್ಲಿ ರಟ್ಟಿನ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತ. ಕಂಡಕ್ಟರ್, "ಯಜಮಾನ್ರ, ಕೇಕೇನು? ಮೊಮ್ಮಗಂದು ಬರ್ತ್‌ಡೇ ಏನ್ರಿ?" ಅಂದ. ಪಕ್ಕದವರು ನಕ್ಕರು. ಬೂದೆಪ್ಪನೂ ನಕ್ಕ, ನಕ್ಕ ಮೇಲೆ, ಹನ್ನೊಂದು ಮುಗಿದು ಎರಡೇ ದಿನಕ್ಕೆ ನಕ್ಕೆನಲ್ಲ ಎಂದು ಕಿಟಕಿಗೆ ಮುಖ ಮಾಡಿದ. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಜೋಡಿಸಿದ. ಸುಗ್ರಾ ಬೇಗಂ ಬಣ್ಣ ಮಾಡಿಸುವಾಗ ಆಳುಗಳು ತಪ್ಪಿ ಹಚ್ಚಿದರು ಎನ್ನಬಹುದು. ಬೀರೇಶನೇ ಹೀಗೆ ಬಿಳಿ ಮಾಡಿದ್ದ ಎನ್ನಬಹುದು; ಸತ್ತವನು ಬಂದು ಅಲ್ಲ ಅನ್ನುವುದಿಲ್ಲ. ಈ ವಿಚಾರ ಬಂದ ಕೂಡಲೇ ಬೆನ್ನಿನಲ್ಲಿ ಏನೋ ಚುರುಕ್ ಎಂದಿತು, ಕುಂಚದ ಹಿಡಿ ಬಿದ್ದಂತೆ. ಮೆಟ್ಟಿಲು ಹನ್ನೆರಡು ತುಂಡುಗಳಲ್ಲಿ ಒಂದು. ಅದು ಇತ್ತೆಂದು ಅವರಿಗೆ ಗೊತ್ತಿರಲಿಕ್ಕಿಲ್ಲ. ಚೀಲದ ತಳದ ಕರವಸ್ತ್ರವನ್ನು ಅವನು ಎರಡು ಸಲ ಮುಟ್ಟಿ ನೋಡಿದ. ದಾರಿಯಲ್ಲಿ ಬಿಸಾಕಬೇಕೆಂದು ತಂದಿದ್ದನೋ, ತೋರಿಸಬೇಕೆಂದು ತಂದಿದ್ದನೋ ಅವನಿಗೇ ತಿಳಿಯದು.

ಅಂಬರೀಶ ರೈಲ್ವೆಯಲ್ಲಿ ಟಿಕೀಟು ಕೊಡುವ ಕೆಲಸದವನು. ಸ್ಟೇಶನ್ನಿನ ಹಿಂದಿನ ಓಣಿಯಲ್ಲಿ ಅವನ ಮಾಳಿಗೆಯ ಮೇಲೊಂದು ಖೋಲಿ, ನಡುವೆ ದೊಡ್ಡ ಮೇಜು, ಸುತ್ತ ಮೂರು ಕುರ್ಚಿ. ಒಂದರ ಮೇಲೆ ಯಾರೂ ಕೂರಲಿಲ್ಲ. ಬೂದೆಪ್ಪನಿಗೆ ಸ್ಟೂಲು ತಂದುಕೊಟ್ಟರು, ಚಹಾ ತಂದುಕೊಟ್ಟರು. ಗುಲ್ಫಶಾ ಆಟ ಏನೆಂದು ಹೇಳಿದಳು: ಅವಳು ಕತೆ ಹೇಳುವವಳು, ಉಳಿದವರ ಹೆಸರಿನಲ್ಲಿ ಹೆಬ್ಬೆರಳಿನಷ್ಟು ಗೊಂಬೆಗಳು, ದಾಳ ಹಾಕುತ್ತ, ಆ ಗೊಂಬೆಗಳನ್ನು ನೆಲದಡಿಯ ಕತ್ತಲ ಕೋಣೆಗಳಲ್ಲಿ ನಡೆಸಿಕೊಂಡು ಹೋಗಬೇಕು. ಹೇಳುತ್ತ ಅಂಗೈ ತೆರೆದು ಬೀರೇಶನ ಗೊಂಬೆಯನ್ನು ತೋರಿಸಿದಳು. ಹೆಗಲಿಗೆ ಕರಿಯ ಕಂಬಳಿ, ಕೈಯಲ್ಲಿ ಕಂದೀಲು. ಕಂಬಳಿಯ ಅಂಚಿನ ಬಿಳಿ ಎಳೆಯನ್ನೂ ಬಿಡದೆ ಬರೆದಿದ್ದ. ಬೂದೆಪ್ಪನ ಅಪ್ಪ ಕುರಿ ಹಿಂಡಿನ ಮುಂದೆ ನಿಲ್ಲುತ್ತಿದ್ದದ್ದು ಹೀಗೆಯೇ.

"ಇವ್ರಿಗೆ ಕತ್ತಿ ಬ್ಯಾಡಾಗಿತ್ತು ಕಾಕಾ. ನಾನು ದೀಪ ಹಿಡೀತೀನಿ, ಹೊಡೆದಾಟ ನೀವು ಮಾಡ್ರಿ ಅಂತಿದ್ರು."

"ಒಂದು ದಿನರೆ ಹೊಡದ್ರೇನು?" ಅಂದ ಅಂಬರೀಶ. "ರಾಕ್ಷಸ ಬಂದ್ರ ನನ್ನ ಹಿಂದ ನಿಲ್ಲೋರು. ಅಂಜುಬುರುಕ ಮನುಷ್ಯಾ." ಅವನು ಮೇಜಿನ ಮೇಲೆ ಜಾಗ ಮಾಡಿದ. "ತಗೀರಿ ಯಜಮಾನ್ರ, ನೋಡೂಣು."

ಬೂದೆಪ್ಪ ಡಬ್ಬಿ ತೆರೆದ.

ಕೆಳಗೆ ಆಟೋ ಒಂದು ಹಾರ್ನು ಹೊಡೆಯುತ್ತಲೇ ಇತ್ತು. ಅಂಬರೀಶ ಒಂದು ಕೋಣೆಯನ್ನು ಎತ್ತಿ ಬೆಳಕಿಗೆ ಹಿಡಿದ. "ಇದ್ಯಾರು ಮಾಡಿದ್ದು?"

ಜೋಡಿಸಿಟ್ಟ ಮಾತುಗಳೆಲ್ಲ ಬಾಯಿಯ ತನಕ ಬಂದವು. ಬೂದೆಪ್ಪ ಖಾಲಿ ಕುರ್ಚಿಯನ್ನು ನೋಡಿದ. "ನಾನs," ಅಂದ. "ನಾನs ಮಾಡಿದ್ದು. ಫೋನ್ ಬಂದಾಗ ಹಚ್ಚಾಕತ್ತಿದ್ದೆ. ಸುಳ್ಳು ಹೇಳಿದೆ. ಸತ್ತವನ ಮನಿಗೆ ಸುಣ್ಣ ಹಚ್ಚಬೇಕಲ್ಲ, ಅದಕ್ಕ..." ಮುಂದೆ ತೋಚದೆ ಚೀಲಕ್ಕೆ ಕೈ ಹಾಕಿ ಕರವಸ್ತ್ರ ತೆಗೆದು ಮೇಜಿನ ಮೇಲೆ ಬಿಚ್ಚಿದ. "ಇದು ಮೆಟ್ಟಲಿತ್ತು. ಇದನ್ನ ಸುಟ್ಟೆ."

"ಯಜಮಾನ್ರ, ಇದು ಕತ್ತಲಕೋಣಿ ರೀ," ಅಂಬರೀಶ ಹಲ್ಲು ಕಚ್ಚಿ ಹೇಳಿದ. "ಮನಿ ಅಲ್ಲ. ನಾಲ್ಕು ತಿಂಗಳು. ಇದೊಂದs ಉಳಿದಿತ್ತು ಅವರ ಕೈಯಿಂದ." ಎದ್ದು ಕಿಟಕಿಯ ಬಳಿ ಹೋಗಿ ಬೆನ್ನು ತಿರುಗಿಸಿ ನಿಂತ. ಬೂದೆಪ್ಪ ಹಾಗೆಯೇ ಕುಳಿತಿದ್ದ. ಮಾನ್ವಿಯ ಸಾಹುಕಾರನ ಕಟ್ಟೆಯ ಮುಂದೆ ನಿಂತವನು ಈಗ ತಾನು. ಯಾರಾದರೂ ಹೊಡೆದಿದ್ದರೆ ಬೆನ್ನು ಒಡ್ಡುತ್ತಿದ್ದ. ಯಾರೂ ಹೊಡೆಯಲಿಲ್ಲ.

ಗುಲ್ಫಶಾ ತುಂಡುಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲೆ ಜೋಡಿಸುತ್ತಿದ್ದಳು. ಯಾವುದರ ಬಾಗಿಲು ಯಾವುದಕ್ಕೆ ಕೂಡಬೇಕೆಂದು ಅವಳಿಗೆ ಗೊತ್ತಿತ್ತು. ಬಾವಿಯ ಕೋಣೆಯ ಬಳಿ ಅವಳ ಕೈ ನಿಂತಿತು. "ಇದಕ್ಕ ನೀರಿನ ಕಲಿ ಬರೀಬೇಕಿತ್ತು," ಅಂದಳು. "ಗೋಡಿ ಮ್ಯಾಲ ನೀರು ಇಳಿದಿರ್ತದಲ್ರೀ, ಹಂಗ. ಅದೊಂದು ಉಳಿದಿತ್ತು. ಅದರ ಬಣ್ಣ ಕಂದೋ ಹಸಿರೋ ಅಂತ ಅವರು ಹೋಗೋ ಹಿಂದಿನ ಐತವಾರ ನನ್ನ ಕೇಳಿದ್ರು. ನಂಗೂ ಗೊತ್ತಾಗಲಿಲ್ಲ. ಬಿಡು, ನಮ್ಮಣ್ಣನ್ನ ಕೇಳ್ತೀನಿ, ಗೋಡಿ ವಿಷಯ ಅವಗ ತಿಳಿದಂಗ ಯಾರಿಗೂ ತಿಳಿಯಂಗಿಲ್ಲ ಅಂದ್ರು."

"ಯಾವಾಗ ಕೇಳ್ತೀನಿ ಅಂದ?"

"ಫೋನ್ ಮಾಡ್ತೀನಿ ಅಂದ್ರು." ಅವಳು ತಲೆ ಎತ್ತಿದಳು. "ಅವರಿಗೆ ಕೆಂಪು ಹಸಿರು ಕಂದು ಎಲ್ಲಾ ಒಂದs ಕಾಣ್ತಿದ್ದವು ಕಾಕಾ. ಹುಟ್ಟಿನಿಂದ. ಅದಕ್ಕs ಡಂಜನ್ ಅಂದ್ರ ಜೀವ. ಇದರಾಗ ಬರೀ ಕಪ್ಪು ಬಿಳಿ, ನಾ ತಪ್ಪಂಗಿಲ್ಲ ಅಂತಿದ್ರು. ನಿಮಗ ಗೊತ್ತಿರಲಿಲ್ಲೇನು?"

ಎರಡೂ ಒಂದs ಅದಾವಲ್ಲಣ್ಣ. ಇಪ್ಪತ್ತೈದು ವರ್ಷ ಆ ಮಾತು ಅವನ ಕಿವಿಯಲ್ಲಿ ಸೊಕ್ಕಿನ ಮಾತಾಗಿ ಕುಳಿತಿತ್ತು. ಹುಡುಗ ಕಂಡದ್ದನ್ನು ಕಂಡ ಹಾಗೆ ಹೇಳಿದ್ದ, ಅಷ್ಟೇ. ಮುಚ್ಚಳದ ಚೀಟಿಗಳನ್ನು ನೋಡಿದಾಗ ಹತ್ತಿರ ಬಂದು ನಿಂತದ್ದು ಇದೇ. "ಗೊತ್ತಿರಲಿಲ್ಲ," ಅಂದ. ಅದೂ ಪೂರ್ತಿ ನಿಜವೋ ಅಲ್ಲವೋ ಅವನಿಗೆ ತಿಳಿಯಲಿಲ್ಲ. ಹಾಗಾದರೆ ಹತ್ತು ಎಂಟರ ಕರೆ ಇದಕ್ಕೋ? ಬಸ್ಸಿಗೆ ಕಾಯುತ್ತ ಕುಳಿತು, ಅಣ್ಣಾ, ನೀರಿನ ಕಲೆ ಯಾವ ಬಣ್ಣ ಎಂದು ಕೇಳಲು ಮಾಡಿದನೋ? ಇಲ್ಲ, ಎದೆ ಹಿಡಿದುಕೊಂಡು ಮಾಡಿದನೋ? ಕೇಳಲು ಮಾಡಿದ, ಕೇಳುವ ಮೊದಲೇ ಎದೆ ಹಿಡಿಯಿತೋ? ಒಂದು ಉತ್ತರ ಸಿಕ್ಕಿತೆನ್ನುವಷ್ಟರಲ್ಲಿ ಮೂರು ಆದವು. ಇವುಗಳಲ್ಲಿ ಯಾವುದು ನಿಜವಾದರೂ ತಾನು ಎತ್ತಲಿಲ್ಲ ಎಂಬುದು ಮಾತ್ರ ಹಾಗೆಯೇ ಉಳಿಯುತ್ತಿತ್ತು.

"ಒಂದು ಸಣ್ಣ ಕುಂಚ ಅದ ಏನವ್ವ?" ಎಂದು ಕೇಳಿದ.

ಅವಳು ಕೊಟ್ಟಳು, ಬೆಕ್ಕಿನ ಮೀಸೆಯಷ್ಟು ತೆಳ್ಳಗಿನದು. ಅವನು ಬಣ್ಣ ಕೇಳಲಿಲ್ಲ. ಬಸಿಯಲ್ಲಿ ಉಳಿದ ಚಹಾದಲ್ಲಿ ಕುಂಚ ಅದ್ದಿ, ಬಾವಿಯ ಕೋಣೆಯ ಗೋಡೆಯ ನೆತ್ತಿಯಿಂದ ಹನಿಯನ್ನು ತಾನಾಗಿಯೇ ಇಳಿಯಲು ಬಿಟ್ಟ. ಸುಣ್ಣ ಅದನ್ನು ಕುಡಿಯಿತು. "ನೀರಿನ ಕಲಿಗೆ ನಡುವ ಬಣ್ಣ ಇರಂಗಿಲ್ಲ," ಅಂದ, ಯಾರಿಗೆ ಹೇಳುತ್ತಿದ್ದಾನೆಂಬುದು ಅವನಿಗೆ ಸ್ಪಷ್ಟವಿರಲಿಲ್ಲ. "ಅಂಚಿನ್ಯಾಗ ಇರ್ತದ. ನೀರು ಒಣಗ್ತಾ ಒಣಗ್ತಾ ಹೊಲಸನ್ನ ಅಂಚಿಗೆ ತಳ್ತದ. ಸುಣ್ಣದ ಗೋಡಿ ಮ್ಯಾಲ ಮೊದಲ್ನೇ ವರ್ಷ ಕಂದು. ಹಂಗs ಬಿಟ್ರ, ಪಾಚಿ ಕಟ್ಟಿ ಎರಡ್ನೇ ವರ್ಷ ಹಸಿರು. ಎರಡೂ ಖರೇನ. ನೀ ಯಾವ್ದು ಹಚ್ಚಿದ್ರೂ ತಪ್ಪಾಗ್ತಿರಲಿಲ್ಲ." ಎರಡನೆಯ ಹನಿ ಬಿಟ್ಟ, ಮೂರನೆಯದು ಬಿಟ್ಟ. ಬಿಳಿಯ ಗೋಡೆ ಮೆಲ್ಲಗೆ ಹಳೆಯದಾಗುತ್ತ ಹೋಯಿತು. ಕಿಟಕಿಯ ಬಳಿಯಿಂದ ಅಂಬರೀಶ ತಿರುಗಿ ಬಂದು ಹಿಂದೆ ನಿಂತದ್ದು ಅವನಿಗೆ ಉಸಿರಿನಿಂದ ಗೊತ್ತಾಯಿತು.

"ಮೆಟ್ಟಲಿಲ್ಲದ ಕೆಳಗ ಹೆಂಗ ಇಳಿಯೋದು?" ಅಂಬರೀಶ ಕೇಳಿದ. ಸಿಟ್ಟು ಇನ್ನೂ ಪೂರ್ತಿ ಹೋಗಿರಲಿಲ್ಲ.

"ಇಳಿಯೋದು ಬ್ಯಾಡ," ಅಂದಳು ಗುಲ್ಫಶಾ. ಕಂಬಳಿಯ ಗೊಂಬೆಯನ್ನು ಬಾವಿಯ ಕೋಣೆಯ ಹೊಸ್ತಿಲಲ್ಲಿ ನಿಲ್ಲಿಸಿದಳು. ಒಳಗೆ ಕಳಿಸಲಿಲ್ಲ. ದಾಳ ಯಾರೂ ಎತ್ತಲಿಲ್ಲ. ಕಂದೀಲು ಹಿಡಿದ ಆ ಮನುಷ್ಯನ ಮುಂದೆ ಬಿಳಿಯ ಗೋಡೆ, ಗೋಡೆಯ ಮೇಲೆ ಇನ್ನೂ ಇಳಿಯುತ್ತಿದ್ದ ಚಹಾದ ನೀರು.

ಬೂದೆಪ್ಪ ಸ್ಟೂಲಿನಿಂದ ಎದ್ದ. ಚಪ್ಪಲಿ ಕಳಚಿ ಪಕ್ಕಕ್ಕೆ ಇಟ್ಟ. ಜೇಬಿನಿಂದ ಭಂಡಾರದ ಪೊಟ್ಟಣ ತೆಗೆದು, ಗೊಂಬೆಯ ಹಣೆಗೆ ಹಚ್ಚಲು ಹೋದ. ಹಣೆ ಸಾಸಿವೆಯಷ್ಟಿತ್ತು, ಹಳದಿ ಕಂಬಳಿಯ ಮೇಲೆಲ್ಲ ಉದುರಿತು. ಮತ್ತೆ ಏನೋ ಕೆಡಿಸಿದೆನೇ ಎಂದು ಅವರ ಮುಖ ನೋಡಿದ. ಇರಲಿ ಕಾಕಾ ಎಂಬಂತೆ ಹುಡುಗಿ ತಲೆಯಾಡಿಸಿ, ತಾನೂ ಕೈಗಳನ್ನು ಎದೆಯ ಮುಂದೆ ಬಿಚ್ಚಿ ಹಿಡಿದಳು. ಅವನು ಕಣ್ಣು ಮುಚ್ಚಿದ. ಈ ಸಲ ನಾಲಿಗೆಗೆ ಏನೂ ಅಡ್ಡ ಬರಲಿಲ್ಲ.

"ಯಪ್ಪಾ ಬೀರಪ್ಪಾ, ನನ್ನ ತಮ್ಮ ನಿನ್ನ ಕಡೀಗೆ ಬಂದಾನ. ಅವಗ ಬಣ್ಣ ತಿಳಿಯಂಗಿಲ್ಲ, ಅವನ ಕೈಯಾಗ ಯಾವ ಬಣ್ಣ ಬಂದ್ರೂ ಅದನ್ನs ಖರೇ ಮಾಡು. ಯಾರೂ ಅವನ್ನ ನೋಡಿ ನಗದಿರಲಿ. ಬೆನ್ನ ಮ್ಯಾಲ ಬಾಸುಂಡಿ ಇದ್ರ ಅದು ನಂದು, ಅದನ್ನ ಅಳಿಸಿ ನನ್ನ ಬೆನ್ನಿಗೆ ಬರಿ. ಕತ್ತಲದಾಗ ನಿಂತಿದ್ರ ದೀಪ ಕೊಡು, ಬೆಳಕಿನ್ಯಾಗ ನಿಂತಿದ್ರ ನೆರಳು ಕೊಡು. ಅವ ನಿನ್ನ ಕರದ್ರ, ಏನ ಕೆಲಸ ಇದ್ರೂ ಬಿಟ್ಟು, ಮೊದಲ್ನೇ ಸಲಕ್ಕs ಓ ಅನ್ನು. ಅವನ ಜೀವಕ್ಕ ಶಾಂತಿ ಕೊಡು ನಮ್ಮಪ್ಪಾ."